ಹನ್ನೊಂದನೇ ವಾರ್ಡಿನ ನಲ್ಲಿ

ನೀರು ಸರಬರಾಜು ಕಚೇರಿಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ಟಪಟಪ ಅಕ್ಕ ಎಂದೇ. ಟೈಪಿಸ್ಟು, ಕೀಲಿಮಣೆಯ ಮೇಲೆ ಬೆರಳು ಬಿದ್ದರೆ ಮಳೆ. ಹದಿನೆಂಟು ವರ್ಷದಿಂದ ಊರಿನ ಟ್ಯಾಂಕು, ಪಂಪ್‌ಹೌಸುಗಳೆಲ್ಲ ಅವಳ ಬೆರಳಿನಿಂದಲೇ ಕಾಗದಕ್ಕಿಳಿದಿವೆ. ಅವಳಿರುವ ಹನ್ನೊಂದನೇ ವಾರ್ಡಿಗೆ ಮಾತ್ರ ನೀರಿಲ್ಲ. ಬೆಳಗಾದರೆ ಅತ್ತೆ ಸೊಸೆ ಇಬ್ಬರೂ ಕೊಡ ಹಿಡಿದು ಪಕ್ಕದ ಬೀದಿಗೆ ಓಡಬೇಕು.

ಈ ಸಲ ಸರ್ಕಾರದ ಅನುದಾನ ಬಂದೇ ಬಂತು. ಟೆಂಡರೂ ಮುಗಿಯಿತು. ಕರಾರುಪತ್ರ ಟೈಪು ಮಾಡಿದ ದಿನ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮರುದಿನ ಹನ್ನೊಂದು ಗಂಟೆಗೆ ಸಹಿ. ಬೆಳಿಗ್ಗೆ ಕೊಡ ತೊಳೆಯುತ್ತಿದ್ದ ಅತ್ತೆಯ ಮುಂದೆ ನಿಂತು, ಪಾಠ ಒಪ್ಪಿಸುವವಳಂತೆ ಕರಾರಿನ ಸಾಲು ಹೇಳಿದಳು: "ಹನ್ನೊಂದನೇ ವಾರ್ಡಿನಲ್ಲಿ ಕೊಳವೆ ಅಳವಡಿಸುವುದು."

"ಕೊಳವೆ ಸರಿ ಕಣೆ, ನಲ್ಲಿ ಎಲ್ಲಿ?" ಎಂದರು ಅತ್ತೆ.

ಆಗ ಅವಳಿಗೆ ಹೊಳೆಯಿತು. ಎಂಜಿನಿಯರರ ಕರಡಿನಲ್ಲಿದ್ದದ್ದು 'ವಾರ್ಡಿನ ನಲ್ಲಿ, ಕೊಳವೆ'. ಖುಷಿಯ ಭರದಲ್ಲಿ ಅವಳು ಒಂದು 'ನ'ವನ್ನೂ ಒಂದು ಅಲ್ಪವಿರಾಮವನ್ನೂ ನುಂಗಿ ನೀರು ಕುಡಿದಿದ್ದಳು. ಟೆಂಡರಿನಲ್ಲಿ ನಲ್ಲಿ, ಕೊಳವೆ ಎರಡೂ ಇದ್ದವು, ನಿಜ. ಆದರೆ ಈ ಕಾಗದಕ್ಕೆ ಸಹಿ ಬಿದ್ದರೆ ಗುತ್ತಿಗೆದಾರ ಬೀದಿಯುದ್ದಕ್ಕೂ ಕೊಳವೆ ಹೂತು ಕೈತೊಳೆದುಕೊಳ್ಳುತ್ತಾನೆ. ವಾರ್ಡಿನ ಇನ್ನೂರ ಹನ್ನೆರಡು ಮನೆಗಳ ನಲ್ಲಿಗೆ ಇನ್ನೊಂದು ಅನುದಾನ, ಇನ್ನೊಂದು ಹದಿನೆಂಟು ವರ್ಷ.

ಎದ್ದೆನೋ ಬಿದ್ದೆನೋ ಎಂದು ಓಡಿದಳು. ಬಸ್ಸು ತಪ್ಪಿತು, ಮತ್ತೂ ಓಡಿದಳು. ಎಂಜಿನಿಯರ್ ಸಾಹೇಬರ ಕೋಣೆಯ ಬಾಗಿಲು ತಳ್ಳಿದಾಗ ಗುತ್ತಿಗೆದಾರ ಪೆನ್ನಿನ ಮುಚ್ಚಳ ತೆಗೆಯುತ್ತಿದ್ದ.

"ಸಾರ್, ಸಹಿ ಬೇಡ. ನಾನೊಂದು ತಪ್ಪು ಮಾಡಿದೀನಿ."

ಎಂಜಿನಿಯರರು ಕರಡನ್ನೂ ಕರಾರನ್ನೂ ಅಕ್ಕಪಕ್ಕ ಇಟ್ಟು ಓದಿದರು. ಆಮೇಲೆ ಗುತ್ತಿಗೆದಾರನ ಕಡೆ ತಿರುಗಿದರು. "ನೀವು ಓದ್ಲಿಲ್ವಾ?"

"ಓದ್ದೆ ಸಾರ್. ವ್ಯಾಕರಣ ಸರಿಯಾಗೇ ಇತ್ತು," ಎಂದ ಆ ಪುಣ್ಯಾತ್ಮ.

"ಪರವಾಗಿಲ್ಲಮ್ಮ, ನಿಮ್ಮ ತಪ್ಪು ನೀವೇ ಹಿಡಿದ್ರಿ," ಎಂದರು ಎಂಜಿನಿಯರರು.

"ನಾನಲ್ಲ ಸಾರ್, ನಮ್ಮತ್ತೆ."

ಜೀವಮಾನದಲ್ಲಿ ಮೊದಲ ಸಲ ಟಪಟಪ ಅಕ್ಕ ಒಂದೇ ಬೆರಳಲ್ಲಿ ಟೈಪು ಮಾಡಿದಳು. ವಾರ್ಡಿನ. ಜಾಗ. ನಲ್ಲಿ. ಅಲ್ಪವಿರಾಮ. ಸಹಿ ಬಿದ್ದಾಗ ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

ಸಂಜೆ ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. "ಏನಾಯ್ತೇ?"

"ಒಂದಕ್ಷರ ಸೇರಿಸಿ ಬಂದೆ ಅತ್ತೆ."

ಅತ್ತೆ ಬಾಗಿಲ ಪಕ್ಕದ ಗೋಡೆಗೆ ಒರಗಿಸಿದ್ದ ಹಳೇ ಸೈಕಲ್ಲನ್ನು ಆಚೆ ಸರಿಸಿ, ಆ ಜಾಗ ಗುಡಿಸತೊಡಗಿದರು.