ಗೂಡಿನ ಲಾರಿಯಲ್ಲಿ ಬಿಗಿದ ಗಂಟು

ನಾನು ಸೊಸೆಯಾಗಿ ಬಂದ ಕಾಲದಲ್ಲಿ ಸೀಟು ಬೆಲ್ಟೂ ಇರಲಿಲ್ಲ, ಕಟ್ಟಿಕೊಳ್ಳಿ ಎನ್ನುವ ಕಾನೂನೂ ಇರಲಿಲ್ಲ. ದಿಬ್ಬೂರಹಳ್ಳಿಯಿಂದ ಶಿಡ್ಲಘಟ್ಟಕ್ಕೆ ಅತ್ತೆ, ನಾನು, ಮಗಳು ರೇಷ್ಮೆಗೂಡಿನ ಲಾರಿಯಲ್ಲಿ ಹೊರಟಿದ್ದೆವು. ನಮ್ಮ ಪಕ್ಕದ ಬಾಗಿಲಿಗೆ ಚಿಲಕವಿರಲಿಲ್ಲ, ಬರೀ ತಂತಿ ಸುತ್ತಿದ್ದರು. ಅದು ಕಿತ್ತುಬಂದರೆ ಎಂದು ಹೆದರಿದೆ. ಪುಟ್ಟ ಮಗಳನ್ನು ಗೂಡಿನ ಮೂಟೆ ಕಟ್ಟುವ ಬಟ್ಟೆಯಿಂದ ಸೀಟಿನ ಕಂಬಿಗೆ ಬಿಗಿದೆ.

"ಅಯ್ಯೋ, ಚಟ್ಟಕ್ಕೆ ಹೆಣ ಕಟ್ದಂಗೆ ಕಟ್ತೀಯಲ್ಲೇ, ಬಿಚ್ಚೇ!" ಎಂದು ಅತ್ತೆ ಕಿರುಚಿದರು. ಆ ಮಾತಿಗೂ ಹೆದರಿದೆ, ಆದರೆ ಬಿಚ್ಚಲಿಲ್ಲ.

ಕೆರೆ ಏರಿಯ ತಿರುವಿನಲ್ಲಿ ತಂತಿ ಕಿತ್ತುಹೋಗಿ ಬಾಗಿಲು ತೆರೆದುಕೊಂಡಿತು. ಕೆಳಗೆ ನೀರು ಕಂಡಿತು. ಮಗು ಹೊರಕ್ಕೆ ಜಾರಿತು, ಗಂಟು ತಡೆಯಿತು. ಲಾರಿ ನಿಲ್ಲುವವರೆಗೆ ಅವಳನ್ನು ಎರಡೂ ಕೈಯಿಂದ ಒಳಕ್ಕೆ ಎಳೆದು ಹಿಡಿದುಕೊಂಡೆ.

ಮತ್ತೆ ಹೊರಡುವಾಗ ಅತ್ತೆ ಬಟ್ಟೆಯ ಉಳಿದ ತುದಿಯನ್ನು ನನ್ನ ಕೈಗಿಟ್ಟರು.

"ನನ್ನೂ ಕಟ್ಟಾಕೇ, ಬಿಗಿಯಾಗಿ."