ಅಕ್ಕನ ಬದಲು ನಾನು ಹತ್ತಿದ ಲಾರಿ

ನಾನು ಚಿಕ್ಕವನಿದ್ದಾಗ ನನ್ನಲ್ಲಿ ದೊಡ್ಡದಾಗಿದ್ದದ್ದು ಬಾಯಿ ಒಂದೇ. ಅರಸೀಕೆರೆ ಸ್ಟೇಷನ್ನಿನಲ್ಲಿ ವಡೆ ಮಾರುವವನ ಕೂಗು, ಹೊರಡುವ ಮೊದಲು ಎಂಜಿನ್ನು ಬಿಡುವ ಉಸಿರು, ನಮ್ಮ ಹೆಡ್‌ಮಾಸ್ಟರು ಬೆತ್ತ ಎತ್ತುವ ಮುಂಚೆ ಕೆಮ್ಮುವ ಕೆಮ್ಮು, ಎಲ್ಲವೂ ನನ್ನ ಗಂಟಲಲ್ಲಿ ಬಿಡಾರ ಹೂಡಿದ್ದವು. ನನ್ನನ್ನೂ ನಾನು ಬಿಡುತ್ತಿರಲಿಲ್ಲ. ಲೆಕ್ಕದಲ್ಲಿ ಸೊನ್ನೆ ತಂದ ಹುಡುಗ ಮನೆಯ ಹೊಸಿಲು ಹೇಗೆ ದಾಟುತ್ತಾನೆ ಎಂದು ಮಾಡಿ ತೋರಿಸಿದರೆ ಅಮ್ಮ ಒಗ್ಗರಣೆ ಸೀಯುವವರೆಗೂ ನಗುತ್ತಿದ್ದಳು. ಆದರೆ ಈಗ ಹೇಳುವುದು ನಗುವಿನ ಮಾತಲ್ಲ ಮಕ್ಕಳೇ, ಸಿಟ್ಟಿನದು. ಮೊದಲು ಆ ಸಿಟ್ಟು ಅಕ್ಕನದು. ಎಲ್ಲರದ್ದನ್ನೂ ಅಣಕಿಸುವ ನಾನು ಅದನ್ನೂ ಅವಳಿಂದ ಎತ್ತಿಕೊಂಡೆ. ಇವತ್ತಿನವರೆಗೂ ಅದು ನನ್ನನ್ನು ಬಿಟ್ಟಿಲ್ಲ.

ಅಕ್ಕ ನನಗಿಂತ ಎರಡು ವರ್ಷ ದೊಡ್ಡವಳು. ಇಬ್ಬರೂ ಓದುತ್ತಿದ್ದದ್ದು ಒಂದೇ ಮಿಡ್ಲ್ ಸ್ಕೂಲಿನಲ್ಲಿ. ಅವಳ ತರಗತಿಯ ತುಂಬ ಹುಡುಗರು, ಬಾಗಿಲ ಪಕ್ಕದ ಒಂದೇ ಬೆಂಚಿನಲ್ಲಿ ಹುಡುಗಿಯರು. ಒಂದು ದಿನ ಚರಿತ್ರೆಯ ಪಾಠದಲ್ಲಿ ಹಳೇಬೀಡು ಬಂತು. ಪುಸ್ತಕದ ಚಿತ್ರದಲ್ಲಿ ಮಸಿ ಹರಡಿಕೊಂಡು ಆನೆ ಯಾವುದು, ಎಮ್ಮೆ ಯಾವುದು ತಿಳಿಯುತ್ತಿರಲಿಲ್ಲ. ಗುಡಿಯ ಬುಡದಲ್ಲಿ ಸುತ್ತಲೂ ಆನೆಗಳ ಸಾಲಿದೆ, ಒಂದರ ಹಾಗೆ ಇನ್ನೊಂದಿಲ್ಲ ಎಂದು ಮೇಷ್ಟ್ರು ಹೇಳಿದರಂತೆ. ಅಕ್ಕ ಎದ್ದು ನಿಂತು, "ಅಷ್ಟೂ ಆನೇನ ಯಾರು ನೋಡಿದ್ದು ಸಾರ್?" ಎಂದು ಕೇಳಿದಳಂತೆ. ಮೇಷ್ಟ್ರು "ಕೂತ್ಕೊಳಮ್ಮ" ಎಂದರು. ಅಕ್ಕ ಕೂತಳು. ಅವಳ ಪ್ರಶ್ನೆ ಮಾತ್ರ ಕೂರಲಿಲ್ಲ. ರಾತ್ರಿ ಊಟಕ್ಕೆ ಕೂತಾಗಲೂ ಅದೇ, ಬಾವಿಯಿಂದ ನೀರು ಸೇದುವಾಗಲೂ ಅದೇ.

ಆ ವರ್ಷ ಶಾಲೆಯಿಂದ ಪ್ರವಾಸವಿಲ್ಲ ಎಂದು ಹೆಡ್‌ಮಾಸ್ಟರು ಸಾರಿಬಿಟ್ಟಿದ್ದರು. ಹಿಂದಿನ ಸಲ ಮಾಲೇಕಲ್ಲಿಗೆ ಹೋದಾಗ ಹುಡುಗರು ಬೆಟ್ಟದ ಮೆಟ್ಟಿಲ ಮೇಲಿಂದ ಅವರ ಕೊಡೆಯನ್ನು ಉರುಳಿಸಿದ್ದರು. ಹಾಗಾದರೆ ನಾವೇ ಹೋಗೋಣ ಎಂದವಳು ಅಕ್ಕ. ಅವಳ ತರಗತಿಯ ಹುಡುಗನೊಬ್ಬನ ಸೋದರಮಾವ ಲಾರಿ ಓಡಿಸುತ್ತಿದ್ದರು. ವಾರಕ್ಕೊಮ್ಮೆ ಆ ಲಾರಿ ಖಾಲಿಯಾಗಿ ಮಾದಿಹಳ್ಳಿಗೆ ಹೋಗಿ ತೆಂಗಿನಕಾಯಿ ತುಂಬಿಕೊಂಡು ಬರುತ್ತಿತ್ತು. ದಾರಿಯಲ್ಲಿ ಸಿಗುವ ಹಳೇಬೀಡಿನಲ್ಲಿ ಮಕ್ಕಳನ್ನು ಇಳಿಸಿ ಹೋಗಿ, ವಾಪಸ್ಸು ಬರುವಾಗ ಹತ್ತಿಸಿಕೊಂಡರೆ ಆಯಿತು. ಆದರೆ ಲಾರಿ ಹೋಗುತ್ತಿದ್ದದ್ದು ಶಾಲೆಯಿರುವ ದಿನ. ಇಡೀ ತರಗತಿ ಒಂದು ದಿನ ಶಾಲೆ ತಪ್ಪಿಸಬೇಕು. ಹೆಡ್‌ಮಾಸ್ಟರಿಗೆ ತಿಳಿಯಬಾರದು ನಿಜ, ಮನೆಯಲ್ಲಿ ಮಾತ್ರ ಎಲ್ಲರೂ ಕೇಳಿಕೊಂಡೇ ಬರಬೇಕು ಎಂದು ಅಕ್ಕ ಕಟ್ಟಪ್ಪಣೆ ಮಾಡಿದಳು. ಇಷ್ಟು ಬುದ್ಧಿವಂತೆ ಅಲ್ಲೇ ಎಡವಿದಳು ನೋಡಿ.

ಅಪ್ಪ ರೈಲ್ವೆ ಸ್ಟೇಷನ್ನಿನಲ್ಲಿ ಗುಮಾಸ್ತರು. ಊಟವಾದ ಮೇಲೆ ನಡುಮನೆಯ ಕಂಬಕ್ಕೆ ಒರಗಿ ನಶ್ಯದ ಡಬ್ಬಿ ತೆಗೆಯುತ್ತಿದ್ದರು. ಡಬ್ಬಿಯ ಮುಚ್ಚಳಕ್ಕೆ ಬೆರಳಿನಿಂದ ಟಕ್ ಟಕ್ ಎಂದು ಬಡಿದು, ಚಿಟಿಕೆ ತೆಗೆದು, ಮೂಗಿಗೇರಿಸಿ, ಆಮೇಲೆ ತೀರ್ಪು. ನಾನು ಆ ಬೆರಳುಗಳನ್ನೇ ನೋಡುತ್ತಾ ಕಲಿಯುತ್ತಿದ್ದೆ. ಅಕ್ಕ ಎಲ್ಲವನ್ನೂ ಹೇಳಿದಳು. ಅಪ್ಪ, "ಒಂದು ದಿನ ಸ್ಕೂಲು ತಪ್ಪಿದ್ರೆ ಏನೂ ಮುಳುಗಿ ಹೋಗಲ್ಲ. ಅದನ್ನ ನೋಡೋದೂ ಓದೇ" ಎಂದರು. ಅಕ್ಕನ ಮುಖ ಹೊಸದಾಗಿ ಬತ್ತಿ ಏರಿಸಿದ ಲಾಟೀನಿನ ಹಾಗೆ ಬೆಳಗಿತು. ಅಪ್ಪ ಇನ್ನೊಂದು ಚಿಟಿಕೆ ತೆಗೆದರು.

"ಹುಡುಗರು ಹೋಗಿ ಬರ್ಲಿ. ನೀನು ಬೇಡ."

"ಯಾಕಪ್ಪ?"

"ಲಾರಿ ಕಣಮ್ಮ."

"ಹುಡುಗ್ರು ಕೂರೋದೂ ಅದೇ ಲಾರೀಲಿ ಅಲ್ವಾ?"

"ಮಾತಿಗೆ ಮಾತು ಬೇಡ ಕಣೇ" ಎಂದು ಅಮ್ಮ ಒಳಗಿನಿಂದ ಕೂಗಿದಳು. ಅಪ್ಪ ಡಬ್ಬಿಯ ಮುಚ್ಚಳ ಹಾಕಿದರು. ಆಮೇಲೆ ಬಹಳ ಉದಾರಿಯ ಹಾಗೆ, "ಲಾರಿಯವರಿಗೆ ಬರ್ತೀವಿ ಅಂತ ಹೇಳಿದೀಯ, ಮಾತು ತಪ್ಪೋದು ಬೇಡ. ನಿನ್ನ ಬದಲು ಇವನು ಹೋಗಿ ಬರ್ಲಿ" ಎಂದರು.

ಇವನು ಎಂದರೆ ನಾನು! ಅವಳ ತರಗತಿಯವನಲ್ಲ, ಹಳೇಬೀಡಿನ ಪಾಠ ಓದಿದವನಲ್ಲ. ಹಸಿದವಳು ಅವಳು, ಎಲೆ ಹಾಕಿದ್ದು ನನಗೆ. ಇದು ಯಾವ ಊರಿನ ನ್ಯಾಯ ಹೇಳಿ? ಆದರೆ ಆಗ ನಾನು ನ್ಯಾಯ ಕೇಳಲಿಲ್ಲ. ಲಾರಿಯ ಹಾರನ್ನು ಹೇಗೆ ಕೂಗುತ್ತದೆ ಎಂದು ಆಗಲೇ ಗಂಟಲಲ್ಲಿ ಅಭ್ಯಾಸ ಶುರುಮಾಡಿದ್ದೆ. ಅಕ್ಕ ಹೋಗುವುದಿಲ್ಲವೆಂದು ತಿಳಿದು ಉಳಿದ ಹುಡುಗಿಯರ ಮನೆಯವರೂ ಬೇಡವೆಂದುಬಿಟ್ಟರು.

ಆ ದಿನ ಬೆಳಕು ಹರಿಯುವ ಮೊದಲೇ ಒಲೆಯ ಮುಂದೆ ಅಕ್ಕ ಕೂತಿದ್ದಳು. ಇಡೀ ತರಗತಿಗೆ ಪುಳಿಯೋಗರೆ ತರುತ್ತೇನೆ ಎಂದು ಅವಳು ಮೊದಲೇ ಒಪ್ಪಿಕೊಂಡಿದ್ದಳಲ್ಲ, ಆ ಮಾತಿಗೂ ತಪ್ಪಲಿಲ್ಲ. ಹುಣಸೆಗೊಜ್ಜಿನ ಘಾಟು, ಹುರಿದ ಎಳ್ಳಿನ ವಾಸನೆ ಬೀದಿಯವರೆಗೂ ಹಬ್ಬಿತ್ತು. ಮುತ್ತುಗದ ಎಲೆ ಹಾಸಿದ ಬುಟ್ಟಿಯಲ್ಲಿ ತುಂಬಿ, ಬಟ್ಟೆ ಕಟ್ಟಿ, ನನ್ನ ತಲೆಯ ಮೇಲಿಟ್ಟಳು. ಕಣ್ಣು ಕೆಂಪಾಗಿತ್ತು. ಹೊಗೆ ಎಂದಳು.

"ಎರಡು ಆನೆ ಒಂದೇ ಥರ ಇದಾವಾ ಅಂತ ನೋಡ್ಕೊಂಡು ಬಾ. ನೋಡ್ದೆ ಬಂದು ಕತೆ ಕಟ್ಟಿದ್ರೆ ಗೊತ್ತಾಗುತ್ತೆ."

ಲಾರಿಯ ಹತ್ತಿರ ಹೋದಾಗ ಆ ಮಾವ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನ್ಲಾ, ಆ ಹುಡುಗಿ ಬತ್ತೀನಿ ಅಂದಿದ್ಲು, ನೀನು ಬಂದಿದೀಯ?" ಎಂದರು. ನಾನು ಜಡೆ ಹಿಂದಕ್ಕೆ ಹಾಕಿಕೊಂಡವನ ಹಾಗೆ ಕತ್ತು ತಿರುಗಿಸಿ, ಅಕ್ಕನ ದನಿಯಲ್ಲಿ, "ನಾನೇ ಅವಳು ಮಾವ!" ಎಂದೆ. ಹುಡುಗರೆಲ್ಲ ಹೋ ಎಂದು ನಕ್ಕರು. ಮಾವ ನಗಲಿಲ್ಲ. "ಹೆಣ್ಮಕ್ಳಿಗೆ ಅಂತ ಮುಂದ್ಗಡೆ ಜಾಗ ಮಾಡಿದ್ದೆ ಕಣ್ಲಾ. ನಮ್ಮನೆಯೋಳೂ ಜೊತೆಗೆ ಬತ್ತಾವ್ಳೆ" ಎಂದರು. ನೋಡಿದರೆ, ಚಾಲಕನ ಪಕ್ಕದ ಸೀಟಿನ ಮೇಲೆ ಒಗೆದ ಜಮಖಾನ ಹಾಸಿತ್ತು. ಅದರ ತುದಿಯಲ್ಲಿ ಮಾವನ ಹೆಂಡತಿ ಮಲ್ಲಿಗೆ ಮುಡಿದುಕೊಂಡು, ಹುಡುಗಿಯರಿಗಾಗಿ ಸರಿದು ಕೂತಿದ್ದರು. ಪಕ್ಕದಲ್ಲಿ ಯಾರೂ ಇಲ್ಲ. ನನ್ನ ಸಿಟ್ಟು ಹುಟ್ಟಿದ್ದು ಆಗ. ಲಾರಿ ಕಣಮ್ಮ ಎಂದರಲ್ಲ ಅಪ್ಪ, ಯಾವ ಲಾರಿ, ಯಾರ ಲಾರಿ, ಯಾರು ಕೂರುತ್ತಾರೆ ಎಂದು ಒಂದು ಮಾತು ಕೇಳಿದ್ದರೆ? ಸ್ಟೇಷನ್ನಿಗೆ ಬಂದ ಪ್ರತಿ ಮೂಟೆಯ ಬಗ್ಗೆ ಎಲ್ಲಿಂದ, ಎಲ್ಲಿಗೆ, ಯಾರದು ಎಂದು ಕೇಳುತ್ತಿದ್ದ ಮನುಷ್ಯ!

ಲಾರಿಯ ಹಿಂಬದಿ ತೆಂಗಿನ ನಾರಿನ ವಾಸನೆ ಹೊಡೆಯುತ್ತಿತ್ತು. ರಾಗಿ ಹೊಲಗಳು ಎರಡೂ ಕಡೆ ಓಡಿದವು, ಬಾಯಿ ತೆರೆದರೆ ಧೂಳು. ಹಳೇಬೀಡಿನಲ್ಲಿ ಇಳಿದ ಹುಡುಗರು ಕಂಬಗಳ ನಡುವೆ ಕಣ್ಣಾಮುಚ್ಚಾಲೆಗೆ ಓಡಿದರು. ನಾನು ಬುಡದಲ್ಲಿ ಕುಕ್ಕರಗಾಲಲ್ಲಿ ಕೂತೆ. ಬೆಳಗಿನ ತಂಪು ಇನ್ನೂ ಆ ಕರಿಕಲ್ಲಿನೊಳಗೆ ಇತ್ತು, ಕೈಯಿಟ್ಟರೆ ನುಣ್ಣಗೆ. ಒಂದಾನೆ ಸೊಂಡಿಲು ಸುರುಳಿ ಸುತ್ತಿದೆ. ಅದರ ಹಿಂದಿನದು ಕಾಲೆತ್ತಿದೆ. ಇನ್ನೊಂದಕ್ಕೆ ಯಾಕೋ ಮುನಿಸು, ತಲೆ ತಗ್ಗಿಸಿದೆ. ಕಪ್ಪೆಯ ಹಾಗೆ ಕುಪ್ಪಳಿಸುತ್ತಾ, ಒಂದೊಂದನ್ನೂ ಅಣಕಿಸಿ ಮೈಯಲ್ಲಿ ಇಟ್ಟುಕೊಳ್ಳುತ್ತಾ ಹೋದೆ. ಮಧ್ಯಾಹ್ನ ಕೆರೆಯ ದಂಡೆಯ ಮೇಲೆ ಬುಟ್ಟಿ ಬಿಚ್ಚಿದರು. ಪುಳಿಯೋಗರೆ ಚೆನ್ನಾಗಿದೆ ಎಂದು ಎಲ್ಲರೂ ಬೆರಳು ನೆಕ್ಕಿದರು. ಮಾಡಿದವಳು ಎಲ್ಲಿ ಎಂದು ಒಬ್ಬನೂ ಕೇಳಲಿಲ್ಲ. ನಾನು ಎರಡು ಸಲ ಹಾಕಿಸಿಕೊಂಡು ತಿಂದೆ. ಸಿಟ್ಟು ಬಂದರೆ ನನಗೆ ಹಸಿವು ಜಾಸ್ತಿ. ಮತ್ತೆ ಆನೆಗಳ ಹತ್ತಿರ ಓಡಿದೆ, ಆದರೆ ಗುಡಿಯ ಹಿಂಬದಿಗೆ ಬರುವಷ್ಟರಲ್ಲಿ ಲಾರಿಯ ಹಾರನ್ನು ಕೂಗಿತು. ಸಾಲು ಇನ್ನೂ ಎಷ್ಟೋ ಉಳಿದಿತ್ತು.

ಸಂಜೆ ಜಗುಲಿಯ ಮೇಲೆ ಅಕ್ಕನಿಗೆ ಆನೆಗಳನ್ನು ತೋರಿಸಿದೆ. ಕೈಯನ್ನೇ ಸೊಂಡಿಲು ಮಾಡಿ, ಒಂದೊಂದಾಗಿ. ಅಮ್ಮ ಬಂದಳು, ಪಕ್ಕದ ಮನೆಯವರು ಬಂದರು, ಕೆಲಸ ಮುಗಿಸಿ ಬಂದ ಅಪ್ಪನೂ ಕೋಟು ಬಿಚ್ಚದೆ ನಿಂತು ನಕ್ಕರು. ಅಕ್ಕ ನಗಲಿಲ್ಲ. "ಮಿಕ್ಕಿದ್ದು?" ಎಂದಳು. ಲಾರಿ ಬಂದುಬಿಟ್ಟಿತು ಎಂದೆ. "ನೀನು ನೋಡಿದ್ದು ನಾನು ನೋಡಿದ ಹಾಗಾಗಲ್ಲ ಕಣೋ" ಎಂದು ಎದ್ದಳು.

ಅವಳನ್ನು ಹೇಗಾದರೂ ನಗಿಸಬೇಕು ಎಂದು ನಾನು ಕಂಬಕ್ಕೆ ಒರಗಿದೆ. ಇಲ್ಲದ ಡಬ್ಬಿಯನ್ನು ಟಕ್ ಟಕ್ ಬಡಿದೆ. ಇಲ್ಲದ ನಶ್ಯ ಏರಿಸಿದೆ. ಅಕ್ಕನ ಮುಖವನ್ನೇ ನೋಡುತ್ತಾ, ಅಪ್ಪನ ದನಿಯಲ್ಲಿ, "ಹುಡುಗರು ಹೋಗಿ ಬರ್ಲಿ. ನೀನು ಬೇಡ" ಎಂದೆ.

ಪಕ್ಕದ ಮನೆಯವರು ಮೆಲ್ಲಗೆ ಜಾಗ ಖಾಲಿ ಮಾಡಿದರು. ಅಮ್ಮ ಸೆರಗು ಬಾಯಿಗಿಟ್ಟಳು. ಬೆನ್ನಿಗೆ ಬೀಳುವ ಏಟಿಗೆ ನಾನು ತಯಾರಾದೆ. ಆದರೆ ಮೊದಲು ಮಾತಾಡಿದವಳು ಅಕ್ಕ, ಮೇಷ್ಟ್ರು ತಪ್ಪು ತಿದ್ದುವ ಹಾಗೆ.

"ಸರಿಯಾಗಿಲ್ಲ. ಅಪ್ಪ ಹಾಗೆ ಹೇಳುವಾಗ ನನ್ನ ಮುಖ ನೋಡಲಿಲ್ಲ. ಗೋಡೆ ನೋಡ್ತಿದ್ರು."

ಅಪ್ಪ ಹೊಡೆಯಲಿಲ್ಲ, ಬೈಯಲಿಲ್ಲ. ಕೋಟು ಬಿಚ್ಚುತ್ತಾ ಒಳಗೆ ಹೋದರು. ಅವತ್ತು ಊಟದ ಮೇಲೆ ನಶ್ಯದ ಡಬ್ಬಿ ಈಚೆಗೆ ಬರಲಿಲ್ಲ. ಮುಂದಿನ ಭಾನುವಾರ ಅವರೇ ಅಕ್ಕನನ್ನು ಕರೆದುಕೊಂಡು ಹೋದರು ಎಂದು ಹೇಳಲು ನನಗೂ ಆಸೆ. ಹೋಗಲಿಲ್ಲ. ಅಷ್ಟು ಹತ್ತಿರದ ಹಳೇಬೀಡನ್ನು ಅಕ್ಕ ನೋಡಿದ್ದು ಒಂದೇ ಸಲ, ಮದುವೆಯಾಗಿ, ಕೈಗೂಸು ಎತ್ತಿಕೊಂಡು, ಗಂಡನ ಮನೆಯವರ ಜೊತೆ. ಆನೆಗಳ ಮುಂದೆ ಕೂತವಳನ್ನು "ಬಸ್ಸಿಗೆ ಹೊತ್ತಾಯ್ತು" ಎಂದು ಐದು ನಿಮಿಷಕ್ಕೇ ಎಬ್ಬಿಸಿದರಂತೆ.

ಇದೆಲ್ಲ ಈಗ ಯಾಕೆ ನೆನಪಾಯಿತು ಗೊತ್ತೆ? ನನ್ನ ಮೊಮ್ಮಗಳಿಗೆ ಹದಿನಾಲ್ಕು. ಮೊನ್ನೆ ಅವಳ ತರಗತಿಯವರೂ ಒಂದು ದಿನ ಶಾಲೆ ತಪ್ಪಿಸಿ ಬೇಲೂರು, ಹಳೇಬೀಡು ನೋಡುವ ಯೋಚನೆ ಮಾಡಿದರು. ನಮ್ಮ ಲಾರಿಗೆ ಅವರಲ್ಲಿ ವ್ಯಾನು, ನಮ್ಮ ಬೆಂಚಿನ ಪಿಸುಮಾತಿಗೆ ವಾಟ್ಸಾಪು, ಪುಳಿಯೋಗರೆಗೆ ಹೋಟೆಲು. ಕಲ್ಲಿನ ಆನೆಗಳು ಮಾತ್ರ ಅವೇ. ಅವಳೂ ಅಕ್ಕನ ಹಾಗೆ ಮನೆಯಲ್ಲಿ ಕೇಳಿದಳು. ನನ್ನ ಮಗ ಸೋಫಾದಲ್ಲಿ ಒರಗಿ ಮೊಬೈಲಿನ ಮೇಲೆ ಬೆರಳು ಜಾರಿಸುತ್ತಾ, "ಒಂದು ದಿನ ಸ್ಕೂಲ್ ತಪ್ಪಿದ್ರೆ ಪರವಾಗಿಲ್ಲ. ಆದ್ರೆ ಹುಡುಗೀರು ವ್ಯಾನಲ್ಲಿ ಎಲ್ಲ ಬೇಡ ಪುಟ್ಟಿ" ಎಂದ.

ಹಳೆಯ ಗಂಟಲು ತಾನಾಗಿಯೇ ತೆರೆದುಕೊಂಡಿತು. "ಹುಡುಗರು ಹೋಗಿ ಬರ್ಲಿ. ನೀನು ಬೇಡ!" ಎಂದೆ, ಅಪ್ಪನ ದನಿಯಲ್ಲೇ. ಮಗ ತನ್ನ ತಾತನೇ ಎದ್ದು ಬಂದರೋ ಎಂಬಂತೆ ಬೆಚ್ಚಿದ. "ಬೇಡ ಅನ್ನೋ ಹಾಗಿದ್ರೆ ಆ ಮೊಬೈಲು ಕೆಳಗಿಟ್ಟು, ಅವಳ ಮುಖ ನೋಡಿ ಹೇಳೋ" ಎಂದೆ. ಅವನು ಮೊಬೈಲು ಕೆಳಗಿಟ್ಟ. ಮಗಳ ಮುಖ ನೋಡಿದ. ಬಹಳ ಹೊತ್ತು ನೋಡಿದ.

"ವ್ಯಾನು ಯಾರದು? ಜೊತೆಗೆ ದೊಡ್ಡವರು ಯಾರು ಬರ್ತಾರೆ? ಎಷ್ಟೊತ್ತಿಗೆ ವಾಪಸ್ಸು?" ಎಂದು ಕೇಳಿದ. ಅವಳು ಎಲ್ಲಕ್ಕೂ ಉತ್ತರ ಹೇಳಿದಳು. "ಸರಿ, ಹೋಗಿ ಬಾ. ತಮ್ಮನೂ ಬರ್ಲಿ ಜೊತೆಗೆ" ಎಂದ.

ಅಕ್ಕನಿಗೆ ಆಗಲೇ ಫೋನು ಮಾಡಿ ಹೇಳಿದೆ. "ತಮ್ಮನ್ನ ಕಳ್ಸೋದು ಇನ್ನೂ ಬಿಟ್ಟಿಲ್ವೇನೋ ನಿಮ್ಮ ಮನೇಲಿ!" ಎಂದು ಅವಳು ಕೂಗಿದ್ದಕ್ಕೆ ನನ್ನ ಕಿವಿಯೊಳಗಿನ ಯಂತ್ರ ಕೀಚಲಿಟ್ಟಿತು. ಆಮೇಲೆ ದನಿ ತಗ್ಗಿಸಿದಳು.

"ಆನೆ ನೋಡ್ಕೊಂಡು ಬರೋಕೆ ಹೇಳು ಅವಳಿಗೆ. ಬಾಗಿಲ ಹತ್ರ ಒಂದಷ್ಟು ನಾನು ನೋಡಿದೀನಿ, ಅಲ್ಲಿಂದ ಮುಂದಕ್ಕೆ ನೋಡ್ಲಿ."

"ಹಿಂಬದಿವರೆಗೂ ನಾನು ನೋಡಿದೀನಲ್ಲಕ್ಕ?"

"ನೀನು ನೋಡಿದ್ದು ಲೆಕ್ಕಕ್ಕಿಲ್ಲ ಕಣೋ" ಎಂದಳು ಅಕ್ಕ.