ಗಿಟಾರಿಗೆ ಕಾವು ಕೊಟ್ಟವರು

ಉರಿಯುವ ತೆಂಗಿನ ಗರಿ ಹಿಡಿದ ಹಿರಿಯರೊಬ್ಬರು ವೇದಿಕೆ ಹತ್ತಿ, ಸೀದಾ ನನ್ನ ಗಿಟಾರಿನ ಹತ್ತಿರ ಬಂದರು. ಮದುವೆಗೆ ತಮಟೆ ಬಾರಿಸಲು ಬಂದಿದ್ದವರು. ಎಂಬತ್ತರ ದಶಕದ ಕೊನೆ, ಹೊಳವನಹಳ್ಳಿ, ಚಳಿಗಾಲದ ಸಂಜೆ. ನಮ್ಮದು ಆರತಕ್ಷತೆಯ ಆರ್ಕೆಸ್ಟ್ರಾ.

ಐದು ತಂತಿಯ ನನ್ನ ಬೇಸ್ ಗಿಟಾರಿನ ತುದಿಯಲ್ಲಿ ಪುಟ್ಟದೊಂದು ಲಿವರ್ ಇತ್ತು. ಅದನ್ನು ತಿರುಗಿಸಿದರೆ ದಪ್ಪ ತಂತಿ ಸಡಿಲವಾಗಿ ಸ್ವರ ಇನ್ನೂ ಕೆಳಗಿಳಿಯುತ್ತಿತ್ತು. ಹಾಡಿನ ನಡುವೆ ಆಗಷ್ಟೇ ತಿರುಗಿಸಿದ್ದೆ.

“ಚಳಿಗೆ ಸಡ್ಲ ಆಗ್ಬುಟ್ಟೈತೆ ಕಣಪ್ಪಾ. ನಮ್ ತಮಟೆನೂ ಇಂಗೇ, ಬೆಂಕಿ ತೋರ್ಸುದ್ರೆ ಬಿಗಿಯಾಯ್ತದೆ. ತಡಿ, ಒಸಿ ಕಾಯಿಸ್ತೀನಿ” ಎಂದರು.

ಬೇಕೆಂದೇ ಇಳಿಸಿದೆ ಎನ್ನಲೋ, ಬೆಂಕಿ ದೂರ ಹಿಡಿಯಿರಿ ಎನ್ನಲೋ ತಿಳಿಯದೆ, ಗಾಬರಿಯಲ್ಲಿ ಲಿವರನ್ನು ಹಿಂದಕ್ಕೆ ತಿರುಗಿಸಿಬಿಟ್ಟೆ. ತಂತಿ ಬಿಗಿಯಾಯಿತು, ಸ್ವರ ಏರಿತು.

“ನೋಡ್ದಾ, ಬಂತು!” ಎಂದು ನಗುತ್ತಾ ಅವರು ಕೆಳಗಿಳಿದರು. ಜನ ಚಪ್ಪಾಳೆ ತಟ್ಟಿದರು.

ಆಮೇಲೆ ಆ ಲಿವರ್ ಮುಟ್ಟಲು ಕೈ ಬರಲಿಲ್ಲ. ಉಳಿದ ಹಾಡುಗಳನ್ನೆಲ್ಲ ಬಿಗಿ ತಂತಿಯಲ್ಲೇ ನುಡಿಸಿದೆ. ಅವರು ಮುಂದೆಯೇ ಕೂತು ಕೊನೆಯವರೆಗೂ ತಲೆದೂಗಿದರು. ಮೆಚ್ಚಿದ್ದು ನನ್ನ ಕೈಯನ್ನೋ, ತಮ್ಮ ಬೆಂಕಿಯನ್ನೋ, ನನಗೆ ಇಂದಿಗೂ ಗೊತ್ತಾಗಿಲ್ಲ.